ಅಪ್‌ಡೇಟ್: ಇನ್ಶೂರೆನ್ಸ್ ಪಾಲಿಸಿ ಮಾರಿದವನ ಕರೆ ರೆಕಾರ್ಡ್ ಮಾಡಿದ್ದು ತಪ್ಪಾ ಅಂತ ಕೇಳಿದ್ದೆ ಅಲ್ವಾ

ಕಾಸರಗೋಡು ವಿದ್ಯಾನಗರದ ಕೋರ್ಟಿನಲ್ಲಿ ಕೆಲಸ ಮಾಡುವ ವಕೀಲರೊಬ್ಬರನ್ನು ಕೇಳಿದೆ. ಮಾತಾಡಿದ ಇಬ್ಬರಲ್ಲಿ ನಾನೂ ಒಬ್ಬ, ಹಾಗಾಗಿ ನನ್ನ ಕರೆ ನಾನೇ ರೆಕಾರ್ಡ್ ಮಾಡಬಾರದು ಅನ್ನುವ ಕಾನೂನು ಇಲ್ಲಿಲ್ಲ ಅಂದರು. ಬೇರೆಯವರ ಮಾತು ಕದ್ದು ಕೇಳಿದರೆ ಕಥೆ ಬೇರೆ. ರೆಕಾರ್ಡಿಂಗ್ ಸಾಕ್ಷಿಯಾಗಬಹುದು ಅಂತ ಸುಪ್ರೀಂ ಕೋರ್ಟ್ 1972ರಲ್ಲೇ ಮಲ್ಕಾನಿ ಕೇಸಿನಲ್ಲಿ ಹೇಳಿದೆಯಂತೆ.

ಆದರೆ ಫೈಲ್ ಕತ್ತರಿಸಬೇಡಿ, ಹೆಸರು ಬದಲಿಸಬೇಡಿ, ಮೂಲ ಫೋನಿನಲ್ಲೇ ಇರಲಿ. ಕೋರ್ಟಿಗೆ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ, ರೆಕಾರ್ಡಿಂಗ್ ಯಾವ ಫೋನಿನದು, ಹೇಗೆ ತೆಗೆದದ್ದು ಅಂತ ತಿಳಿಸುವ ಸರ್ಟಿಫಿಕೇಟ್ ಬೇಕು. ಅವನ ದನಿಯನ್ನು ಸುಮ್ನೆ ವಾಟ್ಸಾಪ್ ಗ್ರೂಪಿಗೆ ಹಾಕಬೇಡಿ ಅಂತಲೂ ಎಚ್ಚರಿಸಿದರು.

ನನ್ನ ವಿಷಯ ಕೋರ್ಟಿನವರೆಗೆ ಹೋಗಲಿಲ್ಲ. "ಐದು ವರ್ಷ ಕಟ್ಟಿದರೆ ಸಾಕು" ಅಂತ ಅರ್ಧ ಮಲಯಾಳ, ಅರ್ಧ ಕನ್ನಡದಲ್ಲಿ ಅವನು ಹೇಳಿದ್ದು ಸ್ಪಷ್ಟವಾಗಿ ಕೇಳುತ್ತದೆ, ಪಾಲಿಸಿ ಪತ್ರದಲ್ಲಿ ನೋಡಿದರೆ ಹನ್ನೆರಡು ವರ್ಷ! ಪತ್ರ ಕೈಗೆ ಬಂದ 30 ದಿನದೊಳಗೆ ಪಾಲಿಸಿ ವಾಪಸ್ ಮಾಡಬಹುದು, ಇದಕ್ಕೆ ಫ್ರೀ ಲುಕ್ ಅಂತಾರೆ, ಕಾರಣ ಬರೆದು ಕೊಟ್ಟರಾಯಿತು. ಕಂಪನಿಗೆ ಮೇಲ್ ಹಾಕಿದೆ, ರೆಕಾರ್ಡಿಂಗ್ ಇದೆ ಅಂತಲೂ ಬರೆದೆ. ಸ್ಟಾಂಪ್ ಖರ್ಚು ಅದು ಇದು ಅಂತ ಸ್ವಲ್ಪ ಹಿಡಿದು ಉಳಿದ ದುಡ್ಡು ಖಾತೆಗೆ ಬಂತು. ಊರಲ್ಲಿ ವಯಸ್ಸಾದವರಿಗೆ ಇಂಥ ಕರೆ ಜಾಸ್ತಿ ಬರುತ್ತಿದೆ, ದಯವಿಟ್ಟು ಅವರ ಫೋನಿನಲ್ಲೂ ರೆಕಾರ್ಡಿಂಗ್ ಆನ್ ಮಾಡಿಕೊಡಿ.