ಅಪ್‌ಡೇಟ್: ಜಿಎಸ್‌ಟಿ ಆದೇಶಕ್ಕೆ ಮೂರು ತಿಂಗಳು ಮೀರಿದ ಮೇಲೆ ಅಪೀಲ್

ದಾವಣಗೆರೆ ಮಂಡಿಪೇಟೆ ಅಂಗಡಿಯ ಜಿಎಸ್‌ಟಿ ಆದೇಶಕ್ಕೆ ಅಪೀಲ್ ಅವಧಿ 19 ದಿನ ಮೀರಿದೆ, ಇನ್ನೇನಾದರೂ ದಾರಿ ಇದೆಯಾ ಎಂದು ಕೇಳಿದ್ದೆ. ಇದೆ. ಅಪೀಲ್ ಹಾಕಿಯೂ ಆಯ್ತು.

ಜಿಎಸ್‌ಟಿ ಕಾಯ್ದೆಯ ಸೆಕ್ಷನ್ 107ರಲ್ಲಿ ಅಪೀಲ್‌ಗೆ ಆದೇಶ ತಲುಪಿದ ದಿನದಿಂದ ಮೂರು ತಿಂಗಳು. ತಕ್ಕ ಕಾರಣವಿದ್ದರೆ ಅಪೀಲ್ ಅಧಿಕಾರಿ ಇನ್ನೊಂದೇ ತಿಂಗಳು ಮನ್ನಿಸಬಹುದು. ಅದೂ ದಾಟಿದರೆ ಅವರ ಕೈ ಕಟ್ಟಿದ ಹಾಗೆ. ಉಳಿಯುವುದು ಹೈಕೋರ್ಟ್‌ನಲ್ಲಿ ರಿಟ್ ಅರ್ಜಿ, ಅದರ ಮೇಲೆ ಭರವಸೆ ಇಡಬೇಡಿ.

ಎಡವಟ್ಟಾಗಿದ್ದು ಜಿಎಸ್‌ಟಿ ಪೋರ್ಟಲ್‌ನಲ್ಲಿ. ಆದೇಶ ಮಾಮೂಲಿ ನೋಟಿಸ್ ಪಟ್ಟಿಯಲ್ಲಿರಲಿಲ್ಲ. ಸರ್ವಿಸಸ್, ಯೂಸರ್ ಸರ್ವಿಸಸ್, ಅದರೊಳಗೆ 'ವ್ಯೂ ಅಡಿಷನಲ್ ನೋಟಿಸಸ್/ಆರ್ಡರ್ಸ್' ಎಂಬ ಮೂಲೆಯಲ್ಲಿತ್ತು. ನೋಂದಾಯಿತ ಇಮೇಲ್ ಹಳೇ ಅಕೌಂಟೆಂಟ್‌ದು. ಮೊದಲು ಅದನ್ನು ಬದಲಿಸಿ.

ಅಪೀಲ್ ಹಾಕುವ ಎಪಿಎಲ್-01 ಫಾರ್ಮಿನಲ್ಲೇ ಎಷ್ಟು ದಿನ ತಡ, ಯಾಕೆ ಎಂದು ಬರೆಯುವ ಜಾಗವಿದೆ. 'ಗೊತ್ತಾಗಲಿಲ್ಲ' ಅಂದರೆ ಸಾಲದು. ತಾರೀಖುವಾರು ವಿವರ, ಅಫಿಡವಿಟ್, ಇಮೇಲ್ ಬದಲಿಸಿದ ದಾಖಲೆ ಲಗತ್ತಿಸಿ. ತಕರಾರಿನ ತೆರಿಗೆ 2,40,000 ರೂಪಾಯಿ, ಅದರ ಶೇ. 10 ಅಂದರೆ 24,000 ಮುಂಗಡ ಕಟ್ಟಬೇಕು. ಬಡ್ಡಿ, ದಂಡ ಈ ಲೆಕ್ಕಕ್ಕೆ ಬರೋದಿಲ್ಲ. ಒಪ್ಪಿಕೊಂಡ ಬಾಕಿ ಇದ್ದರೆ ಅದನ್ನು ಮಾತ್ರ ಪೂರ್ತಿ ಕಟ್ಟಬೇಕು.

ಮುಂಗಡ ಕಟ್ಟಿದರೆ ಉಳಿದದ್ದರ ವಸೂಲಿಗೆ ತಡೆ. ಚಲನ್, ಅಪೀಲ್ ಸ್ವೀಕೃತಿಯ ಪ್ರತಿಯನ್ನು ವಸೂಲಿ ಅಧಿಕಾರಿಗೂ ಕೊಟ್ಟಿದ್ದೇವೆ, ಬ್ಯಾಂಕ್ ಖಾತೆಗೆ ಕೈ ಹಾಕುವ ಮುಂಚೆಯೇ. ವಿಚಾರಣೆ ಇನ್ನೂ ಬಾಕಿ.