ಬೇಸ್‌ಮೆಂಟ್‌ನಲ್ಲಿ ಗೂನು ಬೆನ್ನಿನ ಹುಳ, ಏನಿದು?

ರಾಲಿ ಕನ್ನಡಿಗ:
ನಮಸ್ಕಾರ. ನಾರ್ತ್ ಕ್ಯಾರೊಲಿನಾದಲ್ಲಿ ಹಳೇ ಮನೆ ತಗೊಂಡಿದ್ದೇವೆ. ರಾತ್ರಿ ಬಟ್ಟೆ ಒಗೆಯೋಕೆ ಬೇಸ್‌ಮೆಂಟ್‌ಗೆ ಇಳಿದರೆ ವಾಷಿಂಗ್ ಮಷಿನ್ ಹಿಂದಿನ ಗೋಡೆ ತುಂಬ ಕಂದು ಹುಳಗಳು. ಬೆನ್ನು ಗೂನು, ಹಿಂಗಾಲು ಉದ್ದ, ಕಾಲ ಮೇಲೆ ಪಟ್ಟೆ, ಮೀಸೆಯಂತೂ ಮೈಗಿಂತ ಉದ್ದ. ಪೊರಕೆ ಎತ್ತಿದರೆ ಓಡೋದು ಬಿಟ್ಟು ನಮ್ಮ ಮೈಮೇಲೇ ನೆಗೆಯುತ್ತವೆ! ಹೆಂಡತಿ ಈಗ ಕೆಳಗೆ ಕಾಲಿಡಲ್ಲ ಅಂತಾಳೆ. ಕಚ್ಚುತ್ತವಾ? ಎಲ್ಲಿಂದ ಬರುತ್ತವೆ?

ಹುಳುಹುಪ್ಪಟೆ:
ಕ್ಯಾಮೆಲ್ ಕ್ರಿಕೆಟ್ ಸಾರ್, ಅಂದ್ರೆ ಒಂಟೆ ಥರ ಗೂನು ಬೆನ್ನಿನ ಒಂದು ಬಗೆಯ ಜೀರುಂಡೆ. ಕಚ್ಚಲ್ಲ, ವಿಷವೂ ಇಲ್ಲ. ಬೇರೆ ಜೀರುಂಡೆಗಳ ಹಾಗೆ ಉಜ್ಜೋಕೆ ರೆಕ್ಕೆಯೇ ಇಲ್ಲದ್ದರಿಂದ ಕಿರ್ ಅಂತ ಕೂಗೋದೂ ಇಲ್ಲ, ಅದಕ್ಕೇ ಲೈಟ್ ಹಾಕುವ ತನಕ ಗೊತ್ತಾಗಲ್ಲ. ಮೈಮೇಲೆ ನೆಗೆಯೋದು ಸುಮ್ನೆ ಹೆದರಿಸೋಕೆ. ಇವುಗಳ ಅಸಲಿ ಜಾಗ ಗುಹೆ, ಕಲ್ಲಿನ ಸಂದು, ಬಿದ್ದ ದಿಮ್ಮಿಯ ಅಡಿ. ತಂಪು, ತೇವ, ಕತ್ತಲು ಮೂರೂ ಸಿಕ್ಕರೆ ಸಾಕು, ನಿಮ್ಮ ಬೇಸ್‌ಮೆಂಟೂ ಅವಕ್ಕೆ ಗುಹೆಯೇ. ನಿಮ್ಮೂರಿನ ನಾರ್ತ್ ಕ್ಯಾರೊಲಿನಾ ಸ್ಟೇಟ್ ಯೂನಿವರ್ಸಿಟಿಯವರು ಜನರಿಂದ ಫೋಟೊ ತರಿಸಿಕೊಂಡು ನೋಡಿ 2014ರಲ್ಲಿ ವರದಿ ಮಾಡಿದ್ದರು: ಮನೆಗಳಲ್ಲಿ ಸಿಕ್ಕವುಗಳಲ್ಲಿ ಶೇ 90ಕ್ಕೂ ಜಾಸ್ತಿ ಅಮೆರಿಕದವಲ್ಲ, ಏಷ್ಯಾದಿಂದ ಬಂದ ಜಾತಿ. ಕಾಲಿನ ಪಟ್ಟೆ ನೋಡಿದರೆ ನಿಮ್ಮಲ್ಲಿರೋದೂ ಅದೇ ಇರಬೇಕು. ನಮ್ಮ ಹಾಗೇ ವಲಸೆ ಬಂದವರು ಅಲ್ವಾ :)

ಆಸ್ಟಿನ್ ಅಣ್ಣ:
ನಮ್ಮ ಟೆಕ್ಸಾಸ್‌ನ ಗುಹೆಗಳಲ್ಲಿ ಇಲ್ಲಿಯದೇ ಜಾತಿಗಳಿವೆ. ಹಗಲೆಲ್ಲ ಗುಹೆಯ ಚಾವಣಿಗೆ ಅಂಟಿಕೊಂಡಿರುತ್ತವೆ, ಕತ್ತಲಾದ ಮೇಲೆ ಹೊರಗೆ ಹೋಗಿ ಮೇಯ್ದು ವಾಪಸ್ ಬರುತ್ತವೆ. ಬಿಸಿಲೇ ಬೀಳದ ಒಳಗೆ ಹೊರಗಿನ ಆಹಾರ ತಲುಪುವ ಒಂದು ಮುಖ್ಯ ದಾರಿ ಇದು. ಇವು ಹಾಕುವ ಹಿಕ್ಕೆ, ಮೊಟ್ಟೆ ನಂಬಿಕೊಂಡೇ ಅಲ್ಲಿನ ಎಷ್ಟೋ ಸಣ್ಣ ಜೀವಿಗಳು ಬದುಕಿವೆ. ಹೊರದೇಶದಿಂದ ಬಂದ ಬೆಂಕಿ ಇರುವೆಗಳು (ಫೈರ್ ಆಂಟ್) ಇವುಗಳ ಮೇವಿಗೆ ಪೈಪೋಟಿ ಕೊಡುತ್ತಿರೋದು ದೊಡ್ಡ ತಲೆನೋವು.

ವರ್ಜೀನಿಯಾ ಅತ್ತಿಗೆ:
ಗುಹೆ ಕಥೆ ಚೆನ್ನಾಗಿದೆ ಅಣ್ಣ, ಆದರೆ ಅವರಿಗೆ ಬಟ್ಟೆ ಒಗೀಬೇಕಲ್ಲ! ಸ್ಪ್ರೇಗೆ ದುಡ್ಡು ಸುರಿಯಬೇಡಿ, ತೇವ ಇರೋ ತನಕ ಹೊಸವು ಬರುತ್ತಲೇ ಇರುತ್ತವೆ. ಡಿಹ್ಯೂಮಿಡಿಫೈಯರ್ (ಗಾಳಿಯ ತೇವ ಹೀರುವ ಯಂತ್ರ) ತಂದು ತೇವಾಂಶ ಶೇ 50ರ ಕೆಳಗಿಡಿ. ಬಾಗಿಲ ಕೆಳಗಿನ ಸಂದು, ಪೈಪ್ ಸುತ್ತಲಿನ ತೂತು ಮುಚ್ಚಿಸಿ. ಗೋಡೆಗೆ ಒರಗಿಸಿದ ಸೌದೆ ಇದ್ದರೆ ದೂರ ಹಾಕಿ. ಒಳಗಿರೋದಕ್ಕೆ ಗೋಡೆ ಬುಡದಲ್ಲಿ ಅಂಟು ಹಾಳೆ ಇಡಿ, ಆದರೆ ಬೇಗ ಬೇಗ ಬದಲಿಸಿ, ಸಿಕ್ಕಿಬಿದ್ದದ್ದನ್ನು ಉಳಿದವು ಬಂದು ತಿನ್ನುತ್ತವೆ.

ರಾಲಿ ಕನ್ನಡಿಗ:
ಥ್ಯಾಂಕ್ಸ್ ಎಲ್ಲರಿಗೂ. ಕೆಳಗೆ ರಟ್ಟಿನ ಡಬ್ಬದಲ್ಲಿ ಅಮ್ಮನ ರೇಷ್ಮೆ ಸೀರೆಗಳಿವೆ, ಅವನ್ನೂ ತಿನ್ನುತ್ತವಾ?

ವರ್ಜೀನಿಯಾ ಅತ್ತಿಗೆ:
ಬೂಸ್ಟು, ಸತ್ತ ಹುಳ, ರಟ್ಟು, ಬಟ್ಟೆ, ಸಿಕ್ಕಿದ್ದೆಲ್ಲ ಕಡಿಯುತ್ತವೆ. ಹುಳ ಬಿಟ್ಟರೂ ಆ ತೇವ ರೇಷ್ಮೆಯನ್ನು ಬಿಡಲ್ಲ. ಇವತ್ತೇ ಮೇಲೆ ತನ್ನಿ!