ಪದಚರ್ಚೆ: ‘ತ್ರೂಪುಟ್’ಗೆ ‘ಹಾಯಿಕೆ’ ಅನ್ನಬಹುದಾ? ಜೊತೆಗೆ ‘ಪೋರ್ಟ್’, ‘ಹ್ಯಾಂಗ್’

ಎಲ್ಲರಿಗೂ ನಮಸ್ಕಾರ.

ಉಡುಪಿ ಕಡೆ ಸಣ್ಣ ಕಚೇರಿಗಳ ಕಂಪ್ಯೂಟರ್, ನೆಟ್‌ವರ್ಕ್ ನೋಡಿಕೊಳ್ಳುವುದು ನನ್ನ ಕೆಲಸ. ಈಗ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಮನೆಗೋ ಹತ್ತು ಹದಿನೈದು ಜನರ ಕಚೇರಿಗೋ ಫೈರ್‌ವಾಲ್ ರೌಟರ್ (ಕಚೇರಿಯನ್ನು ಅಂತರ್ಜಾಲಕ್ಕೆ ಜೋಡಿಸಿ, ಬೇಡದ್ದನ್ನು ಹೊರಗೇ ತಡೆಯುವ ಪೆಟ್ಟಿಗೆ) ಹೇಗೆ ಆರಿಸುವುದು, ಕೆಟ್ಟರೆ ಎಲ್ಲಿ ಕೆಟ್ಟಿದೆ ಎಂದು ಹೇಗೆ ಹುಡುಕುವುದು, ಇಷ್ಟೇ ಅದರ ವಿಷಯ. ಓದುವವರು ಎಂಜಿನಿಯರ್‌ಗಳಲ್ಲ. ಗುಮಾಸ್ತರು, ಶಾಲೆಯ ಕಂಪ್ಯೂಟರ್ ಮೇಷ್ಟ್ರು, ಮನೆಯಿಂದ ಕೆಲಸ ಮಾಡುವವರು. ಅರ್ಧ ಬರೆದಾಗ ಒಂದು ಪದದ ಹತ್ತಿರ ನಿಂತುಬಿಟ್ಟೆ. ಅದಕ್ಕೇ ಈ ಪತ್ರ.

ನನ್ನ ಮುಖ್ಯ ಪ್ರಶ್ನೆ ‘ತ್ರೂಪುಟ್’ ಬಗ್ಗೆ. ಪೆಟ್ಟಿಗೆ ಒಂದು ಸೆಕೆಂಡಿಗೆ ನಿಜಕ್ಕೂ ಎಷ್ಟು ಮಾಹಿತಿ ದಾಟಿಸುತ್ತದೆ ಎಂಬ ಅಳತೆ ಅದು. ನಮ್ಮ ಜನ ಎಲ್ಲದಕ್ಕೂ ‘ಸ್ಪೀಡ್’ ಅನ್ನುತ್ತಾರೆ. ಬರೆಯುವಾಗ ನಾವು ಅದನ್ನು ‘ವೇಗ’ ಮಾಡುತ್ತೇವೆ. ಆದರೆ ಈ ಒಂದು ಪದದ ಕೆಳಗೆ ಕನಿಷ್ಠ ಮೂರು ಬೇರೆ ಬೇರೆ ಸಂಗತಿಗಳು ಅಡಗಿವೆ. ಅವನ್ನು ಬೇರೆ ಮಾಡದೆ ಹೋದರೆ ಜನ ತಪ್ಪು ಪೆಟ್ಟಿಗೆ ಕೊಳ್ಳುತ್ತಾರೆ, ತಪ್ಪು ಜಾಗದಲ್ಲಿ ದೋಷ ಹುಡುಕುತ್ತಾರೆ. ನಾನು ಕಣ್ಣಾರೆ ಕಂಡ ಎರಡು ಪ್ರಸಂಗ ಹೇಳುತ್ತೇನೆ.

ಒಂದು ಕಚೇರಿಯಲ್ಲಿ 300 ಎಂಬಿಪಿಎಸ್‌ನ (ಸೆಕೆಂಡಿಗೆ 300 ಮೆಗಾಬಿಟ್) ಫೈಬರ್ ಲೈನ್ ಇತ್ತು. ‘ಸ್ಪೀಡ್ ಬರ್ತಾ ಇಲ್ಲ, ರೌಟರ್ ಹೋಗಿದೆ, ಹೊಸದು ತರಿಸಿ’ ಎಂದು ಫೋನ್ ಬಂತು. ಹೋಗಿ ಅಳೆದೆ. 94. ಮತ್ತೆ ಅಳೆದೆ. 94. ಬೆಳಿಗ್ಗೆ, ಮಧ್ಯಾಹ್ನ, ಯಾವಾಗ ನೋಡಿದರೂ ಅದೇ 93, 94. ಲೈನಿನ ತೊಂದರೆಯಾದರೆ ಅಂಕಿ ಹೀಗೆ ಒಂದೇ ಕಡೆ ನಿಲ್ಲುವುದಿಲ್ಲ, ಏರಿಳಿತ ಇರುತ್ತದೆ. 94ರಲ್ಲಿ ಗಟ್ಟಿಯಾಗಿ ನಿಂತಿದೆ ಅಂದರೆ ಎಲ್ಲೋ ಎರಡು ಪೆಟ್ಟಿಗೆಗಳ ನಡುವಿನ ಒಂದು ಕೊಂಡಿ ಗಿಗಾಬಿಟ್ (ಸಾವಿರ ಎಂಬಿಪಿಎಸ್) ಬಿಟ್ಟು ನೂರಕ್ಕೆ ಇಳಿದಿದೆ ಎಂದೇ ಅರ್ಥ. ಗೋಡೆಗುಂಟ ಹೋದ ಕೇಬಲ್ ಬಿಚ್ಚಿ ಟೆಸ್ಟರ್‌ಗೆ ಹಾಕಿದೆ. ಒಂದರಿಂದ ಎಂಟರವರೆಗೆ ದೀಪ ಸಾಲಾಗಿ ಮಿನುಗಬೇಕು. ಆರರವರೆಗೆ ಸರಿಯಾಗಿ ಬಂತು. ಏಳನೆಯದು ಹತ್ತಲೇ ಇಲ್ಲ. ಎಂಟು ಹತ್ತಿತು. ಕನೆಕ್ಟರನ್ನು ಬೆಳಕಿಗೆ ಹಿಡಿದು ನೋಡಿದರೆ, ಕಂದು ಗೆರೆಯ ಬಿಳಿ ತಂತಿ ತುದಿವರೆಗೆ ಬಂದೇ ಇಲ್ಲ. ಪಿನ್ನು ಖಾಲಿ ಪ್ಲಾಸ್ಟಿಕ್ಕನ್ನು ಕಚ್ಚಿಕೊಂಡಿದೆ.

ಗಿಗಾಬಿಟ್‌ಗೆ ಎಂಟೂ ತಂತಿ ಬೇಕು. ನೂರು ಎಂಬಿಪಿಎಸ್‌ಗೆ ನಾಲ್ಕು ಸಾಕು: 1, 2, 3 ಮತ್ತು 6. ಅದಕ್ಕೇ ಒಂದು ತಂತಿ ಹೋದರೂ ನೆಟ್ ಪೂರ್ತಿ ನಿಲ್ಲಲಿಲ್ಲ, ನೂರರಲ್ಲಿ ನಡೆಯುತ್ತಲೇ ಇತ್ತು. ಹೊಸ ಕನೆಕ್ಟರ್ ಹಾಕಿದೆ, ಸರಿಹೋಯಿತು. ಇಲ್ಲಿ ಕೆಟ್ಟದ್ದು ‘ಕೊಂಡಿಯ ವೇಗ’. ಎರಡು ತುದಿಯ ಪೆಟ್ಟಿಗೆಗಳು ಪರಸ್ಪರ ಒಪ್ಪಿಕೊಂಡ ವೇಗ ಅದು. ಇದಕ್ಕೆ ‘ವೇಗ’ ಎಂಬ ಪದ ಸರಿಯಾಗಿಯೇ ಹೊಂದುತ್ತದೆ. ಲೈನಿನವರು ಕೊಡುವ 300 ಎರಡನೆಯ ಸಂಗತಿ. ಅದಕ್ಕೂ ‘ಲೈನಿನ ವೇಗ’ ಅಂದರೆ ನಡೆಯುತ್ತದೆ.

ಇನ್ನೊಂದು ಕಚೇರಿಯದು ಬೇರೆ ಕಥೆ. ಪೆಟ್ಟಿಗೆಯ ಮೇಲೆ ‘ಗಿಗಾಬಿಟ್’ ಎಂದು ದೊಡ್ಡದಾಗಿ ಬರೆದಿತ್ತು. ಕೇಬಲ್ ಸರಿ ಇತ್ತು, ಲೈನು ಸರಿ ಇತ್ತು, ಎಲ್ಲ ಪೋರ್ಟೂ ಗಿಗಾಬಿಟ್ಟಿನಲ್ಲೇ ಕೂತಿದ್ದವು. ಸುಮ್ನೆ ನೆಟ್ ಬಳಸಿದರೆ 300 ಪೂರ್ತಿ ಬರುತ್ತಿತ್ತು. ಆದರೆ ಇನ್ನೊಂದು ಶಾಖೆಗೆ ವಿಪಿಎನ್ (ಅಂತರ್ಜಾಲದ ಮೂಲಕವೇ ಗುಪ್ತಲಿಪಿಯಲ್ಲಿ ಸಾಗುವ ಖಾಸಗಿ ದಾರಿ) ಹಾಕಿದ ಕೂಡಲೇ ನೂರರ ಒಳಗೆ ಇಳಿಯುತ್ತಿತ್ತು. ಇಲ್ಲಿ ಏನೂ ಕೆಟ್ಟಿರಲಿಲ್ಲ. ಒಳಗಿದ್ದದ್ದು ಹತ್ತು ವರ್ಷ ಹಳೆಯ ಪ್ರೊಸೆಸರ್. ಗುಪ್ತಲಿಪಿಯ ಲೆಕ್ಕವನ್ನು ಸಲೀಸಾಗಿ ಮಾಡುವ ಎಇಎಸ್-ಎನ್‌ಐ ಎಂಬ ಸೌಲಭ್ಯ ಅದರಲ್ಲಿ ಇರಲಿಲ್ಲ. ಪ್ರತಿ ಪ್ಯಾಕೆಟ್ಟನ್ನೂ, ಅಂದರೆ ಮಾಹಿತಿಯ ಒಂದೊಂದು ಸಣ್ಣ ಕಟ್ಟನ್ನೂ, ಅದು ಹೆಣಗಾಡಿ ಮುಚ್ಚಿ ಕಳಿಸಬೇಕಿತ್ತು. ಬಾಗಿಲು ಅಗಲವಾಗಿಯೇ ಇತ್ತು. ಒಳಗೆ ಕೂತು ತಪಾಸಣೆ ಮಾಡುವವನ ಕೈ ಸಾಲದೆ ಹೋಯಿತು.

ಈ ಮೂರನೆಯ ಸಂಗತಿಯೇ ತ್ರೂಪುಟ್. ಹೇಳಿದ ಕೆಲಸವನ್ನೆಲ್ಲ ಮಾಡಿಕೊಂಡು, ಒಂದು ಕಡೆಯಿಂದ ಬಂದದ್ದನ್ನು ಇನ್ನೊಂದು ಕಡೆಗೆ ಎಷ್ಟು ದಾಟಿಸಬಲ್ಲದು ಎಂಬ ಅಳತೆ. ಪೆಟ್ಟಿಗೆ ಕೊಳ್ಳುವಾಗ ಕೇಳಬೇಕಾದ ಪ್ರಶ್ನೆ ಇದೊಂದೇ. ಪೋರ್ಟಿನ ವೇಗ ಅಲ್ಲವೇ ಅಲ್ಲ. ಹಾಗೆ ನೋಡಿದರೆ ಪೂರ್ತಿ ಸುಸ್ಥಿತಿಯ ಗಿಗಾಬಿಟ್ ಕೊಂಡಿಯಲ್ಲೂ ಫೈಲು ಸಾಗುವುದು ಸುಮಾರು 940ರ ಹತ್ತಿರವೇ. ಉಳಿದದ್ದು ಪ್ಯಾಕೆಟ್‌ಗಳ ಮೇಲಿನ ವಿಳಾಸ, ಲೆಕ್ಕಗಳಿಗೆ ಹೋಗುತ್ತದೆ.

ಇದಕ್ಕೆ ಕನ್ನಡದಲ್ಲಿ ಏನನ್ನೋಣ?

ಮೊದಲು ‘ಸಾಮರ್ಥ್ಯ’ ಬರೆದೆ. ತುಂಬಾ ಸಡಿಲ. ಪ್ರೊಸೆಸರಿಗೂ ಸಾಮರ್ಥ್ಯ, ಡಿಸ್ಕಿಗೂ ಸಾಮರ್ಥ್ಯ. ಆಮೇಲೆ ‘ಹೊರಹರಿವು’ ಹೊಳೆಯಿತು. ಮಳೆಗಾಲ ಬಂದರೆ ನಾವೆಲ್ಲ ದಿನಾ ಪತ್ರಿಕೆಯಲ್ಲಿ ಓದುವ ಪದ ಇದು. ಕೆಆರ್‌ಎಸ್ ಒಳಹರಿವು ಇಷ್ಟು ಕ್ಯುಸೆಕ್, ಹೊರಹರಿವು ಇಷ್ಟು ಕ್ಯುಸೆಕ್. ಒಂದು ಸೆಕೆಂಡಿಗೆ ಎಷ್ಟು ಎಂಬ ಲೆಕ್ಕವೂ ಅದರಲ್ಲೇ ಇದೆ. ಓದುಗರಿಗೆ ವಿವರಿಸುವ ಗೋಜೇ ಇಲ್ಲ. ಆದರೆ ಈ ಪದಕ್ಕೆ ದಿಕ್ಕಿದೆ, ಅದೇ ತೊಡಕು. ಡೌನ್‌ಲೋಡ್, ಅಪ್‌ಲೋಡ್‌ಗಳಿಗೆ ಒಳಹರಿವು, ಹೊರಹರಿವು ಬೇಕಾಗುತ್ತದೆ, ಅಲ್ಲಿ ಅವು ಚೆನ್ನಾಗಿಯೇ ಕೂರುತ್ತವೆ. ಅದನ್ನೇ ಇಲ್ಲಿ ಖರ್ಚು ಮಾಡಲು ಮನಸ್ಸಿಲ್ಲ.

ಗೆಳೆಯರೊಬ್ಬರು ‘ಇಳುವರಿ’ ಅಂದರು. ಗದ್ದೆ ಎಷ್ಟು ಎಕರೆ ಎಂಬುದು ಬೇರೆ, ಇಳುವರಿ ಎಷ್ಟು ಎಂಬುದು ಬೇರೆ. ಬರೆದ ಅಂಕಿಗೂ ಕೈಗೆ ಬರುವುದಕ್ಕೂ ಇರುವ ಅಂತರ ಆ ಪದದಲ್ಲಿ ತಕ್ಷಣ ಗೊತ್ತಾಗುತ್ತದೆ. ನನಗೂ ಎರಡು ದಿನ ಅದು ಹಿಡಿಸಿತ್ತು. ಆದರೆ ರೌಟರ್ ಏನನ್ನೂ ಬೆಳೆಯುವುದಿಲ್ಲ. ಬಂದದ್ದನ್ನು ದಾಟಿಸುತ್ತದೆ ಅಷ್ಟೇ.

ಹಾಗೆ ಯೋಚಿಸುತ್ತಾ ‘ಹಾಯಿಸು’ ನೆನಪಾಯಿತು. ಗದ್ದೆಗೆ ನೀರು ಹಾಯಿಸುತ್ತೇವೆ. ತೋಟಕ್ಕೆ ನೀರು ಹಾಯಿಸುತ್ತೇವೆ. ಯಾವ ಕಾಲುವೆಗೆ ಎಷ್ಟು ಬಿಡಬೇಕು ಎಂದು ನೋಡಿ, ಅಡ್ಡ ಇಟ್ಟ ಮಣ್ಣು ಸರಿಸಿ, ನೀರನ್ನು ಸರಿಯಾದ ಕಡೆಗೆ ತಿರುಗಿಸುವುದು. ರೌಟರ್ ಮಾಡುವುದೂ ಇದನ್ನೇ ಅಲ್ವಾ? ಅದರಿಂದ ‘ಹಾಯಿಕೆ’ ಎಂದು ಮಾಡಿಕೊಂಡೆ. ಕೈಪಿಡಿಯಲ್ಲಿ ಹೀಗೆ ಬರೆದು ನೋಡಿದೆ:

‘ಪೋರ್ಟಿನ ವೇಗ 1 ಗಿಗಾಬಿಟ್ ಎಂದು ಬರೆದಿದ್ದರೆ ಸಾಲದು. ವಿಪಿಎನ್ ಹಾಕಿದಾಗ ಹಾಯಿಕೆ ಎಷ್ಟು, ದಾಳಿ ಪತ್ತೆಯ ತಪಾಸಣೆ ಹಾಕಿದಾಗ ಹಾಯಿಕೆ ಎಷ್ಟು ಎಂದು ಬೇರೆ ಬೇರೆಯಾಗಿ ಕೇಳಿ. ನಿಮ್ಮ ಲೈನಿನ ವೇಗಕ್ಕಿಂತ ಆ ಅಂಕಿ ಜಾಸ್ತಿ ಇರಬೇಕು.’

ಇನ್ನೊಂದು ಕಡೆ: ‘ಪಿಎಫ್‌ಸೆನ್ಸ್, ಓಪಿಎನ್‌ಸೆನ್ಸ್ ಎಂಬ ಫೈರ್‌ವಾಲ್ ತಂತ್ರಾಂಶಗಳು ಎರಡೂ ಫ್ರೀಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಮ್ ಮೇಲೆ ನಿಂತವು. ಪಿಪಿಪಿಒಇ ಎಂಬ ವಿಧಾನದಲ್ಲಿ ಹೆಸರು, ಪಾಸ್‌ವರ್ಡ್ ಕೊಟ್ಟು ಲಾಗಿನ್ ಆಗುವ ಲೈನಾದರೆ, ಒಳಗೆ ಬರುವ ಹೊರೆಯೆಲ್ಲ ಬಹಳ ಕಾಲ ಅಲ್ಲಿ ಪ್ರೊಸೆಸರಿನ ಒಂದೇ ಕೋರಿನ (ಲೆಕ್ಕ ಮಾಡುವ ಘಟಕದ) ಮೇಲೆ ಬೀಳುತ್ತಿತ್ತು. ಹಾಗಾಗಿ ಕೋರುಗಳ ಎಣಿಕೆ ನೋಡಿ ಹಾಯಿಕೆ ಅಂದಾಜು ಮಾಡಬೇಡಿ. ಒಂದೊಂದು ಕೋರು ಎಷ್ಟು ಚುರುಕು ಎಂಬುದನ್ನು ನೋಡಿ. 2023ರಲ್ಲಿ ಬಂದ ಇಂಟೆಲ್ ಎನ್100 ನಾಲ್ಕು ಕೋರಿನ, 6 ವ್ಯಾಟ್ ಮಟ್ಟದ ಸಣ್ಣ ಪ್ರೊಸೆಸರ್. ಎಇಎಸ್-ಎನ್‌ಐ ಅದರಲ್ಲಿದೆ. ಸಣ್ಣ ಕಚೇರಿಗೆ ಧಾರಾಳ.’

ಓದಲು ನನಗೆ ಹಿತ ಅನಿಸಿತು. ಆದರೂ ಎರಡು ಅನುಮಾನ. ಏರು–ಏರಿಕೆ, ಹಂಚು–ಹಂಚಿಕೆ ಇದ್ದಂತೆ ಹಾಯು–ಹಾಯಿಕೆ ಆಗಬಹುದು. ಆದರೆ ‘ಹಾಯು’ ಅಂದರೆ ತಾನೇ ದಾಟುವುದು, ‘ಹಾಯಿಸು’ ಅಂದರೆ ದಾಟಿಸುವುದು. ಪೆಟ್ಟಿಗೆ ದಾಟಿಸುತ್ತದೆ. ಹಾಗಾದರೆ ‘ಹಾಯಿಸಿಕೆ’ ಆಗಬೇಕಾ? ಬಾಯಿಗೆ ಅದು ಹೊರಳುವುದಿಲ್ಲ. ಎರಡನೆಯದು ನಮ್ಮ ಕರಾವಳಿಯ ತೊಂದರೆ. ಇಲ್ಲಿ ‘ಹಾಯಿ’ ಅಂದ ಕೂಡಲೇ ದೋಣಿಯ ಹಾಯಿ ಕಣ್ಣಿಗೆ ಬರುತ್ತದೆ. ಬಯಲುಸೀಮೆಯವರಿಗೆ ‘ಎತ್ತು ಹಾಯಿತು’ ನೆನಪಾಗಬಹುದು. ಇವು ಅಡ್ಡಿಯಾಗುತ್ತವಾ, ಇಲ್ಲ ಸಂದರ್ಭ ನೋಡಿ ಅರ್ಥವಾಗುತ್ತದಾ? ವ್ಯಾಕರಣ ಬಲ್ಲವರು ದಯವಿಟ್ಟು ಹೇಳಿ.

‘ಫೈರ್‌ವಾಲ್’ ಪದವನ್ನು ನಾನು ಹಾಗೇ ಇಟ್ಟುಕೊಳ್ಳುತ್ತೇನೆ. ‘ಬೆಂಕಿಗೋಡೆ’ ಅಂದರೆ ಯಾರಿಗೂ ಏನೂ ಹೊಳೆಯುವುದಿಲ್ಲ. ಬೆಂಕಿ ತಡೆಯುವುದು ಅಂದರೆ ನಮಗೆ ನೆನಪಾಗುವುದು ಅರಣ್ಯ ಇಲಾಖೆಯವರು ಬೇಸಗೆಗೆ ಮುಂಚೆ ಕಾಡಿನಲ್ಲಿ ಹಾಕುವ ‘ಬೆಂಕಿ ರೇಖೆ’. ಅದು ಗೋಡೆಯಲ್ಲ. ಆದರೆ ವಿವರಿಸುವಾಗ ಒಂದು ಹೋಲಿಕೆ ಬೇಕಲ್ಲ. ಅದಕ್ಕೆ ‘ಕಿಂಡಿ ಅಣೆಕಟ್ಟು’ ಬಳಸಿದ್ದೇನೆ. ನಮ್ಮ ಹೊಳೆಗಳಿಗೆ ಅಡ್ಡಲಾಗಿ ಕಟ್ಟಿದ ಗೋಡೆ, ಅದರಲ್ಲಿ ಸಾಲಾಗಿ ಕಿಂಡಿಗಳು. ಮಳೆ ಮುಗಿದ ಮೇಲೆ ಕಿಂಡಿಗೆ ಹಲಗೆ ಇಳಿಸುತ್ತಾರೆ, ಮಳೆಗಾಲಕ್ಕೆ ಮುಂಚೆ ತೆಗೆಯುತ್ತಾರೆ. ಸಮುದ್ರದ ಹತ್ತಿರ ಇದ್ದರೆ ಉಪ್ಪುನೀರು ಮೇಲೆ ಬರದಂತೆಯೂ ಅದು ತಡೆಯುತ್ತದೆ. ಫೈರ್‌ವಾಲ್ ಕೆಲಸ ಇದಕ್ಕೆ ಬಹಳ ಹತ್ತಿರ. ಒಳಗಿನವರು ಕೇಳಿದ್ದಕ್ಕೆ ಬಂದ ಉತ್ತರವನ್ನು ಒಳಗೆ ಬಿಡುತ್ತದೆ. ಕೇಳದೆ ಬಂದದ್ದನ್ನು ಹೊರಗೇ ನಿಲ್ಲಿಸುತ್ತದೆ. ಬೇಕಾದ ಕಿಂಡಿಯನ್ನು ನಾವೇ ತೆರೆಯಬಹುದು.

ಇದೇ ‘ಕಿಂಡಿ’ ನನ್ನ ಇನ್ನೊಂದು ಕಷ್ಟವನ್ನೂ ಬಿಡಿಸಿತು. ‘ಪೋರ್ಟ್’ ಎಂಬ ಪದಕ್ಕೆ ಎರಡು ಅರ್ಥ. ಕೇಬಲ್ ಚುಚ್ಚುವ ಜಾಗವೂ ಪೋರ್ಟ್, ಒಂದೊಂದು ಸೇವೆಯನ್ನು ಗುರುತಿಸುವ 443, 22 ಎಂಬಂಥ ಸಂಖ್ಯೆಯೂ ಪೋರ್ಟ್. ಒಮ್ಮೆ ಫೋನಿನಲ್ಲಿ ‘ಆ ಪೋರ್ಟ್ ಮುಚ್ಚಿಬಿಡಿ’ ಅಂದೆ. ನಾನು ಹೇಳಿದ್ದು ಹೊರಗಿನಿಂದ ತೆರೆದಿಟ್ಟಿದ್ದ, ದೂರದಿಂದಲೇ ಕಂಪ್ಯೂಟರ್ ನಡೆಸುವ ರಿಮೋಟ್ ಡೆಸ್ಕ್‌ಟಾಪ್‌ನ 3389ನ್ನು. ಆ ಕಡೆಯವರು ಬಹಳ ಶ್ರದ್ಧೆಯಿಂದ ಕೇಬಲ್ ಕಿತ್ತರು. ಇಡೀ ಕಚೇರಿಯ ನೆಟ್ ಹೋಯಿತು. ತಪ್ಪು ಅವರದಲ್ಲ. ನಾನು ಕೊಟ್ಟ ಪದದ ತಪ್ಪು. ಈಗ ಕೈಪಿಡಿಯಲ್ಲಿ ಕೇಬಲ್ ಚುಚ್ಚುವುದಕ್ಕೆ ಎಲ್ಲರೂ ಹೇಳುವ ‘ಪೋರ್ಟ್’ ಉಳಿಸಿಕೊಂಡು, ಸಂಖ್ಯೆಯದಕ್ಕೆ ‘ಕಿಂಡಿ’ ಎಂದು ಬರೆಯುತ್ತಿದ್ದೇನೆ. ‘3389ನೇ ಕಿಂಡಿ ಮುಚ್ಚಿ.’ ಇದನ್ನು ಓದಿ ಯಾರೂ ಕೇಬಲ್ ಕೀಳಲಾರರು.

ಮೂರನೆಯದು ‘ಹ್ಯಾಂಗ್’. ‘ರೌಟರ್ ಹ್ಯಾಂಗ್ ಆಯ್ತು, ಆಫ್ ಮಾಡಿ ಆನ್ ಮಾಡಿದೆ, ಸರಿ ಆಯ್ತು.’ ವಾರಕ್ಕೆ ನಾಲ್ಕು ಸಲ ಈ ಮಾತು ಕೇಳುತ್ತೇನೆ. ಇದಕ್ಕೆ ಹೊಸ ಪದ ಕಟ್ಟುವುದೇ ಬೇಡ. ನಮ್ಮ ದಿನಬಳಕೆಯ ಮಾತಿನಲ್ಲೇ ಮೂರು ಇವೆ. ದೀಪ ಉರಿಯುತ್ತಿದೆ, ಯಾವ ಕಡೆಯಿಂದಲೂ ಉತ್ತರ ಇಲ್ಲ ಎಂದಾದರೆ ‘ಮರಗಟ್ಟಿತು’. ತಾನೇ ಆಫ್ ಆಗಿ ಮತ್ತೆ ಆನ್ ಆದರೆ ‘ಬಿದ್ದು ಎದ್ದಿತು’. ಪೆಟ್ಟಿಗೆ ನಡೆಯುತ್ತಿದೆ, ಒಂದು ಪೋರ್ಟ್ ಮಾತ್ರ ಬಿಟ್ಟು ಹಿಡಿದು ಮಾಡುತ್ತಿದ್ದರೆ ‘ಕೊಂಡಿ ಕಳಚಿತು’.

ಇದು ಬರೀ ಪದದ ಅಂದಕ್ಕಲ್ಲ. ಮೂರಕ್ಕೂ ಮದ್ದು ಬೇರೆ. ನಾನು ಮೊದಲು ನೋಡುವುದು ಪೆಟ್ಟಿಗೆ ಎಷ್ಟು ಹೊತ್ತಿನಿಂದ ಎದ್ದಿದೆ ಎಂಬ ಅಂಕಿಯನ್ನು. ಅದಕ್ಕೇ ಆಫ್-ಆನ್ ಮಾಡುವ ಮುಂಚೆ ಒಂದು ಕ್ಷಣ ತಾಳಿ ಎಂದು ಎಲ್ಲರಿಗೂ ಕೇಳಿಕೊಳ್ಳುತ್ತೇನೆ. ಆರು ನಿಮಿಷ ಎಂದು ತೋರಿಸಿದರೆ ಅದು ಬಿದ್ದು ಎದ್ದಿದೆ. ಅಡಾಪ್ಟರ್ ಸೋತಿರಬಹುದು, ಶಾಖ ಏರಿರಬಹುದು. ಫ್ಯಾನಿಲ್ಲದ ಪೆಟ್ಟಿಗೆಯನ್ನು ಮುಚ್ಚಿದ ಕಪಾಟಿನಲ್ಲಿ, ಯುಪಿಎಸ್ ಮೇಲೆ ಇಟ್ಟರೆ ಮೇ ತಿಂಗಳಲ್ಲಿ ಹೀಗೇ ಆಗುತ್ತದೆ. ಇಪ್ಪತ್ತು ದಿನ ಎಂದು ತೋರಿಸಿದರೆ ಪೆಟ್ಟಿಗೆ ಬಿದ್ದೇ ಇಲ್ಲ. ಆಗ ಕೇಬಲ್, ನೆಟ್‌ವರ್ಕ್ ಕಾರ್ಡ್ ಅಥವಾ ಲೈನಿನ ಕಡೆ ನೋಡಬೇಕು. ನಾನೇ ಹಳೆಯ ಡೆಸ್ಕ್‌ಟಾಪಿಗೆ ಒಂದು ಅಗ್ಗದ ಕಾರ್ಡ್ ಚುಚ್ಚಿ ಫೈರ್‌ವಾಲ್ ಮಾಡಿಕೊಂಡಿದ್ದೆ. ದೊಡ್ಡ ಫೈಲ್ ಇಳಿಸುವಾಗಲೆಲ್ಲ ಕೊಂಡಿ ಕಳಚುತ್ತಿತ್ತು. ಯಂತ್ರ ತಾನೇ ಬರೆದಿಡುವ ದಾಖಲೆಯಾದ ಲಾಗಿನಲ್ಲಿ ‘ವಾಚ್‌ಡಾಗ್ ಟೈಮೌಟ್’ (ಕಾರ್ಡ್ ಹೊತ್ತಿಗೆ ಸರಿಯಾಗಿ ಉತ್ತರಿಸಲಿಲ್ಲ) ಎಂಬ ಸಾಲು ಮತ್ತೆ ಮತ್ತೆ. ಬೇರೆ ಕಾರ್ಡ್ ಹಾಕಿದ ದಿನದಿಂದ ಆ ಸಾಲು ಕಾಣಲಿಲ್ಲ.

ಅಂದಹಾಗೆ, ಲಾಗಿನಲ್ಲಿ ಬರುವ ಇಂಥ ಸಾಲುಗಳನ್ನು ಕನ್ನಡಿಸಬಾರದು ಎಂದು ನನ್ನ ಗಟ್ಟಿ ಅಭಿಪ್ರಾಯ. ‘ಕಾವಲುನಾಯಿ’ ಎಂದು ಬರೆದರೆ ಓದುಗರು ಪರದೆಯ ಮೇಲೆ ಅದನ್ನು ಗುರುತಿಸುವುದು ಹೇಗೆ, ಅಂತರ್ಜಾಲದಲ್ಲಿ ಹುಡುಕುವುದು ಹೇಗೆ? ಯಂತ್ರ ಆಡಿದ ಮಾತು ಯಂತ್ರದ್ದೇ ಇರಲಿ. ಅದರ ಬಗ್ಗೆ ನಾವು ಆಡುವ ಮಾತು ಕನ್ನಡ ಇರಲಿ.

ಇನ್ನೊಂದು ಯಂತ್ರ ಉತ್ತರಿಸುತ್ತದೆಯೇ ಎಂದು ಪರೀಕ್ಷಿಸುವ ‘ಪಿಂಗ್’ ಬಗ್ಗೆ ‘ಕೂಗಿದರೆ ಓಗೊಡುತ್ತಾ ನೋಡಿ’ ಎಂದು ಬರೆದಿದ್ದೇನೆ. ಅದನ್ನು ಯಾರೂ ತಪ್ಪು ತಿಳಿಯಲಿಲ್ಲ, ಹಾಗಾಗಿ ಅದರ ಬಗ್ಗೆ ಪ್ರಶ್ನೆ ಇಲ್ಲ.

ಕೊನೆಗೆ ಮತ್ತೆ ಹಾಯಿಕೆಗೇ ಬರುತ್ತೇನೆ. ಕೆರೆ ನೀರಾವರಿ ಇರುವ ಊರಿನವರು, ಅದರಲ್ಲೂ ಕೋಲಾರ, ತುಮಕೂರು, ಹಾಸನದ ಕಡೆಯವರು ಇಲ್ಲಿ ಇದ್ದರೆ ಅವರಿಗೆ ಈ ಪ್ರಶ್ನೆ. ತೂಬು ಎತ್ತಿದಾಗ ಒಂದು ಹೊತ್ತಿಗೆ ಎಷ್ಟು ನೀರು ಹಾಯುತ್ತದೆ ಎಂಬುದನ್ನು ನಿಮ್ಮ ಕಡೆ ಕೆರೆ ನೀರು ಹಂಚುವ ನೀರುಗಂಟಿಗಳು ಏನೆಂದು ಹೇಳುತ್ತಿದ್ದರು? ಅದಕ್ಕೆ ಒಂದೇ ಪದ ಇತ್ತಾ? ಮನೆಯಲ್ಲಿ ಹಿರಿಯರಿದ್ದರೆ ಕೇಳಿ ಬರೆಯಿರಿ. ಅಂಥದ್ದೊಂದು ಸಿಕ್ಕರೆ ‘ಹಾಯಿಕೆ’ಯನ್ನು ಬಿಟ್ಟು ಅದನ್ನೇ ಹಾಕುತ್ತೇನೆ. ಕೈಪಿಡಿ ಇನ್ನೂ ಅಚ್ಚಿಗೆ ಹೋಗಿಲ್ಲ.